ಚೀಟಿಯಲ್ಲಿ ಹಿಡಿಯದ ಹೆಸರು

ಮೊನ್ನೆ ಗಂಡನ ಅಂಗಿಗೊಂದು ಗುಂಡಿ ಹೊಲಿಯಬೇಕಾಗಿ ಬಂತು. ನಮ್ಮ ಮನೆಯಲ್ಲಿ ಸೂಜಿ ದಾರ ಇರುವುದು ಖರ್ಜೂರದ ಹಳೆಯ ತಗಡಿನ ಡಬ್ಬಿಯೊಂದರಲ್ಲಿ. ಅದಕ್ಕೆ ಕೈ ಹಾಕಿದರೆ ಬೇಕಾದದ್ದೊಂದನ್ನು ಬಿಟ್ಟು ಉಳಿದೆಲ್ಲ ಸಿಗುತ್ತದೆ. ನಿಮ್ಮ ಮನೆಯ ಡಬ್ಬಿಯೂ ಹಾಗೆಯೇ ಇರಬಹುದು. ನನಗೆ ಗುಂಡಿಯ ಬದಲು ಸಿಕ್ಕಿದ್ದು ಬಿಳಿಯ ಹತ್ತಿಪಟ್ಟಿಯ ಒಂದು ಸುರುಳಿ. ಬಿಚ್ಚಿ ನೋಡಿದೆ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಲೇಬಲುಗಳು, ಒಂದರ ಹಿಂದೊಂದು, ಕತ್ತರಿಸದೆ ಉಳಿದಂಥವು. ಪ್ರತಿಯೊಂದರ ಮೇಲೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ‘ನೂಲ್’ ಎಂದು ಅಚ್ಚಾಗಿದೆ. ಕೊನೆಯ ಅಕ್ಷರದ ಬಾಲ ದಾರದ ಎಳೆಯ ಹಾಗೆ ಉದ್ದಕ್ಕೆ ಹೋಗಿದೆ. ಆ ಬಾಲವನ್ನು ಎಷ್ಟು ಬಾಗಿಸಬೇಕು ಎಂದು ನಾನು ಹದಿನೈದು ದಿನ ತಲೆ ಕೆಡಿಸಿಕೊಂಡಿದ್ದೆ. ಅದರಲ್ಲಿ ಒಂದು ದಿನವನ್ನಾದರೂ ಬೇರೊಂದು ವಿಷಯ ಯೋಚಿಸಲು ಕೊಟ್ಟಿದ್ದರೆ ಇವತ್ತು ಗುಂಡಿ ಹೊಲಿದು ಎದ್ದು ಹೋಗುತ್ತಿದ್ದೆ. ಹೀಗೆ ಬರೆಯುತ್ತ ಕೂರುತ್ತಿರಲಿಲ್ಲ.

ಮದುವೆಗೆ ಮುಂಚೆ ನಾನು ಮಂಗಳೂರಿನ ಒಂದು ಜಾಹೀರಾತು ಕಚೇರಿಯಲ್ಲಿ ವಿನ್ಯಾಸದ ಕೆಲಸ ಮಾಡುತ್ತಿದ್ದೆ. ದೊಡ್ಡದೇನೋ ಎಂದುಕೊಳ್ಳಬೇಡಿ. ಚಿನ್ನದಂಗಡಿಯ ಕರಪತ್ರ, ಮದುವೆ ಹಾಲಿನ ಕ್ಯಾಲೆಂಡರು, ಉಪ್ಪಿನಕಾಯಿ ಬಾಟಲಿಯ ಚೀಟಿ, ಇಷ್ಟೇ. ಬಂದ ಗಿರಾಕಿಗಳೆಲ್ಲ ಒಂದೇ ಮಾತು ಹೇಳುತ್ತಿದ್ದರು: ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡಿ, ಬಣ್ಣ ಇನ್ನೂ ಸ್ವಲ್ಪ ಗಾಢ ಮಾಡಿ. ನಾನು ಮಾಡಿಕೊಟ್ಟು, ಮನಸ್ಸಿನೊಳಗೆ ಅವರನ್ನು ಬಯ್ಯುತ್ತಿದ್ದೆ. ನನಗೆ ಬೇಕಾದ ಹಾಗೆ ಒಂದೇ ಒಂದು ಕೆಲಸ ಮಾಡಲು ಸಿಕ್ಕಿದರೆ ತೋರಿಸಿಕೊಡುತ್ತೇನೆ ಎಂಬ ಜಂಬವನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡೇ ಗಂಡನ ಜೊತೆ ಸೌದಿಯ ವಿಮಾನ ಹತ್ತಿದ್ದೆ.

ನಾವಿದ್ದದ್ದು ಅಲ್ ಖಫ್ಜಿಯಲ್ಲಿ. ಕುವೈತಿನ ಗಡಿ ಹತ್ತಿರ. ಒಂದು ಕಡೆ ಸಮುದ್ರ, ಉಳಿದ ಕಡೆ ಮರಳು, ಊರಿನ ಗಂಡಸರಲ್ಲಿ ಹೆಚ್ಚಿನವರೆಲ್ಲ ಎಣ್ಣೆಯ ಕೆಲಸಕ್ಕೆ. ನನ್ನ ಗಂಡನ ಬಸ್ಸು ಬೆಳಿಗ್ಗೆ ಹೋದರೆ ಸಂಜೆ ಬರುತ್ತಿತ್ತು. ನನ್ನ ಇಕಾಮಾ, ಅಂದರೆ ಅಲ್ಲಿರಲು ಕೊಡುವ ಪರವಾನಗಿ ಕಾರ್ಡು, ಅದರಲ್ಲಿ ‘ಕೆಲಸ ಮಾಡಲು ಅನುಮತಿ ಇಲ್ಲ’ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಆ ಕಾರ್ಡಿನ ಅಕ್ಷರದ ಸಾಲುಗಳು ಓರೆಯಾಗಿವೆ ಎಂದು ಗೊಣಗುತ್ತ ದಿನ ಕಳೆಯುತ್ತಿದ್ದೆ.

ಖೈರುನ್ನೀಸಾ ಆಪಾ ನಮ್ಮ ಮೇಲಿನ ಮನೆಯವರು. ಆಪಾ ಎಂದರೆ ಅಕ್ಕ. ಊರು ಗಂಗೊಳ್ಳಿ, ವಯಸ್ಸು ಐವತ್ತರ ಹತ್ತಿರ. ಗಂಡ ಇಸ್ಮಾಯಿಲ್ ಭಾಯ್ ಒಂದು ಗುತ್ತಿಗೆ ಕಂಪನಿಯ ಸ್ಟೋರಿನಲ್ಲಿದ್ದರು. ಅವರ ಮನೆಮಾತು ನವಾಯತಿ, ನನ್ನದು ತುಳು. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಏಳನೇ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು. ಅಕ್ಷರ ನನ್ನದಕ್ಕಿಂತ ದುಂಡಾಗಿತ್ತು.

ಚಳಿಗಾಲದಲ್ಲಿ ಖಫ್ಜಿಯ ಗಾಳಿ ನೀವು ನೋಡಬೇಕು. ಸೌದಿ ಎಂದರೆ ಬರೀ ಬಿಸಿಲು ಎಂದುಕೊಂಡು ಹೋದವಳು ನಾನು. ಮೊದಲ ಡಿಸೆಂಬರಿನಲ್ಲೇ ಸ್ವೆಟರ್ ತರಿಸಿಕೊಂಡೆ. ಅಂಥ ಒಂದು ಶುಕ್ರವಾರ ಎರಡೂ ಮನೆಯವರು ಸಮುದ್ರದ ಬದಿಗೆ ಚಹಾ ಕಟ್ಟಿಕೊಂಡು ಹೋದೆವು. ಆಪಾ ತಮ್ಮ ಫ್ಲಾಸ್ಕಿಗೊಂದು ಕೋಟು ತೊಡಿಸಿ ತಂದಿದ್ದರು. ಹೌದು, ಕೋಟೇ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ, ನಡುವೆ ಹತ್ತಿ ತುಂಬಿ, ಸಣ್ಣ ಸಣ್ಣ ಹೊಲಿಗೆ ಹಾಕಿ, ಹಿಡಿಗೆ ತೂತು ಬಿಟ್ಟು, ಬದಿಯಲ್ಲಿ ನಾಲ್ಕು ಲೋಟ ಇಡಲು ಜೇಬು ಬೇರೆ. ಕೆಂಪು, ಗಿಳಿಹಸಿರು, ಅರಸಿನ, ನೇರಳೆ, ಯಾವುದಕ್ಕೂ ಯಾವುದೂ ಹೊಂದದ ಬಣ್ಣಗಳು ಒಟ್ಟಿಗೆ ಕೂತು ನಗುತ್ತಿದ್ದವು.

ನಮ್ಮೆದುರು ಮನೆಯ ಉಮ್ಮ್ ರಾಕಾನ್ ಅವರ ಕಣ್ಣಿಗೆ ಅದು ಬಿತ್ತು. ಆಕೆ ಸೌದಿಯವರೇ, ಹುಡುಗಿಯರ ಶಾಲೆಯ ಟೀಚರು. ರಾಕಾನನ ತಾಯಿಯಾದ್ದರಿಂದ ಉಮ್ಮ್ ರಾಕಾನ್. ಅಲ್ಲಿ ಹೆಂಗಸರನ್ನು ಮಗನ ಹೆಸರು ಹಿಡಿದು ಕರೆಯುವುದೇ ಮರ್ಯಾದೆ. ತನಗೊಂದು ಬೇಕೆಂದರು. ಆಮೇಲೆ ತಂಗಿಗೆ, ಶಾಲೆಯ ಟೀಚರುಗಳಿಗೆ. ಫ್ಲಾಸ್ಕಿನ ಕೋಟಿನ ಹಿಂದೆ ರೊಟ್ಟಿ ಬಿಸಿಯಾಗಿಡುವ ಚೀಲ, ಹರಿವಾಣದ ಮುಚ್ಚುಬಟ್ಟೆ, ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ. ಆ ವರ್ಷ ಕಳೆಯುವುದರೊಳಗೆ ಆಪಾ ಬೆಳಿಗ್ಗೆ ಕೂತರೆ ಇಳಿಹೊತ್ತಿನ ಅಸರ್ ಬಾಂಗಿನವರೆಗೆ ಮೆಷಿನು ತುಳಿಯುತ್ತಿದ್ದರು.

ಒಂದು ದಿನ ಕೆಳಗೆ ಇಳಿದು ಬಂದು ನನ್ನೆದುರು ಕೂತರು.

“ಶಶಿ, ಉಮ್ಮ್ ರಾಕಾನ್ ಹೇಳಿದರು, ಇದಕ್ಕೊಂದು ಹೆಸರು ಬೇಕಂತೆ. ಚೀಟಿ ಬೇಕಂತೆ. ಫೋನಿನಲ್ಲಿ ಫೋಟೋ ಹಾಕುವಾಗ ಅದು ಇದ್ದರೆ ಜನರಿಗೆ ಗೊತ್ತಾಗ್ತದಂತೆ. ನೀನು ಊರಲ್ಲಿ ಅದೇ ಕೆಲಸ ಮಾಡಿದವಳಲ್ಲ?”

ಅಷ್ಟು ಸಾಕಾಗಿತ್ತು. ಅವರು ಚಹಾ ಕುಡಿದು ಮುಗಿಸುವುದರೊಳಗೆ ನಾನು ಪುಸ್ತಕ, ಪೆನ್ಸಿಲು, ಲ್ಯಾಪ್‌ಟಾಪು ಹರಡಿ ಕೂತಿದ್ದೆ. ಮೊದಲು ಬಣ್ಣಗಳ ಮೇಲೆ ಕೈ ಹಾಕಿದೆ. ಕೆಂಪು ಬೇಡ, ಗಿಳಿಹಸಿರು ಬೇಡ. ಮರಳಿನ ಬಣ್ಣ, ಬೂದಿ ಬಣ್ಣ, ಹಳೆಯ ನೀಲಿ, ಮೂರೇ ಸಾಕೆಂದೆ.

“ಹೊರಗೆ ನೋಡಿದ್ರೂ ಮರಳು, ಮನೆಯೊಳಗೂ ಅದೇ ಎಂತಕ್ಕೆ ಮಾರಾಯ್ತಿ?” ಎಂದು ಆಪಾ ಕೇಳಿದರು.

“ಅದು ಸ್ಟೈಲು ಆಪಾ” ಎಂದೆ. ಅವರು ಒಪ್ಪಿಕೊಂಡರು.

ಆಮೇಲೆ ಹೆಸರು. ಆಪಾ ಒಂದು ಚೀಟಿ ಬರೆದು ಸೆರಗಿನ ಕೊನೆಯಲ್ಲಿ ಗಂಟು ಹಾಕಿಕೊಂಡು ಬಂದಿದ್ದರು. ಬಿಚ್ಚಿ ಕೊಟ್ಟರು. ದುಂಡು ಕನ್ನಡದಲ್ಲಿ ‘ಖೈರುನ್ನೀಸಾ’ ಎಂದು, ಅಡಿಯಲ್ಲೊಂದು ಗೆರೆ.

“ನನ್ನ ಹೆಸರು ಇಟ್ಟರೆ ಆಗ್ತದಾ?” ಎಂದರು. “ಇಷ್ಟು ವರ್ಷ ಆಯ್ತು ಇಲ್ಲಿ ಬಂದು. ಕಟ್ಟಡದವರಿಗೆ ನಾನು ಇಸ್ಮಾಯಿಲ್ ಭಾಯ್ ಹೆಂಡತಿ. ಪಾಸ್‌ಪೋರ್ಟಿನಲ್ಲಿ ಒಂದು ರೀತಿ ಬರೆದಿದ್ದಾರೆ, ಇಕಾಮಾದಲ್ಲಿ ಇನ್ನೊಂದು ರೀತಿ. ಸರಿಯಾಗಿ ಬರೆದದ್ದು ಎಲ್ಲಿಯೂ ಇಲ್ಲ.”

ನಾನು ಇಂಗ್ಲಿಷಿನಲ್ಲಿ ಬರೆದು ಎಣಿಸಿದೆ. ಹನ್ನೊಂದು ಅಕ್ಷರ. ಲೇಬಲ್ಲಿನ ಅಗಲ ನೋಡಿದೆ. “ಇಷ್ಟು ದೊಡ್ಡ ಹೆಸರು ಚೀಟಿಯಲ್ಲಿ ಹಿಡಿಯುವುದಿಲ್ಲ ಆಪಾ. ಬ್ರ್ಯಾಂಡಿನ ಹೆಸರು ಚಿಕ್ಕದಿರಬೇಕು. ಯಾರಿಗೂ ನಾಲಿಗೆಯಲ್ಲಿ ಸಿಕ್ಕಿಕೊಳ್ಳಬಾರದು” ಎಂದೆ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಓದಲು ಕಲಿತದ್ದು ಶಾಲೆಯಲ್ಲಲ್ಲ, ಕಾರ್ಕಳದ ನಮ್ಮ ಅಡುಗೆಮನೆಯಲ್ಲಿ. ನಿಮ್ಮ ಮನೆಯಲ್ಲೂ ಇದ್ದಿರಬಹುದು, ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿದ ಸ್ಟೀಲಿನ ಪಾತ್ರೆಗಳು. ಅಮ್ಮನ ಮದುವೆಗೆ ಬಂದ ಉಡುಗೊರೆಗಳೆಲ್ಲದರ ಮೇಲೂ ಕೊಟ್ಟವರ ಹೆಸರಿತ್ತು. ಊಟಕ್ಕೆ ಕೂತಾಗ ಅನ್ನದ ಬಟ್ಟಲನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದೆ. ಸಾರಿನ ಪಾತ್ರೆ ಎಂದು ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. ‘ಆ ಗಿರಿಜತ್ತೆಯನ್ನು ಇತ್ತ ಕೊಡು’ ಎನ್ನುತ್ತಿದ್ದರು. ಗಿರಿಜತ್ತೆಯನ್ನು ನಾನು ಕಂಡವಳಲ್ಲ, ಆದರೂ ಅವರು ಪ್ರತಿದಿನ ನಮ್ಮ ಜೊತೆ ಊಟಕ್ಕಿರುತ್ತಿದ್ದರು. ಒಮ್ಮೆ ಕೆಲಸಗಾರ ತಪ್ಪಿ ‘ಗಿರಜಿ’ ಎಂದು ಕೊರೆದದ್ದಕ್ಕೆ ಅಮ್ಮ ಪಾತ್ರೆ ಹಿಡಿದುಕೊಂಡು ಪೇಟೆಗೆ ವಾಪಸು ಹೋಗಿದ್ದರಂತೆ. ಇಂಥ ಮನೆಯಲ್ಲಿ ಬೆಳೆದವಳು ನಾನು. ಮನೆಯ ಸಾಮಾನಿನ ಮೇಲೆ ಒಬ್ಬ ಹೆಂಗಸಿನ ಹೆಸರು ಇದ್ದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಗೊತ್ತಿತ್ತು. ಅದು ಹಳ್ಳಿಯ ರೀತಿ ಎಂದುಕೊಂಡಿದ್ದೆ.

ನನಗೆ ‘ನೂಲ್’ ಹೊಳೆದಾಗಿನ ಸಂಭ್ರಮ ಹೇಳಬಾರದು. ಕನ್ನಡದಲ್ಲಿ ನೂಲು, ಅರಬಿಯಲ್ಲಿ ಹತ್ತಿರದ ಉಚ್ಚಾರದ ಒಂದು ಶಬ್ದಕ್ಕೆ ಮಗ್ಗ ಎಂಬ ಅರ್ಥವಿದೆ ಎಂದು ಉಮ್ಮ್ ರಾಕಾನ್ ಹೇಳಿದರು. ನಾನು ಹಿಗ್ಗಿ ಹೋದೆ. ಎರಡು ಭಾಷೆ, ಒಂದು ಶಬ್ದ, ನಾಲ್ಕೇ ಅಕ್ಷರ. ಮಂಗಳೂರಿನ ಕಚೇರಿಯವರು ಬಂದು ನೋಡಲಿ ಎಂದುಕೊಂಡೆ.

ಆಪಾ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಚಂದ ಉಂಟು” ಎಂದರು. ಕಾಗದದ ಹಿಂಬದಿ ತಿರುಗಿಸಿ, “ನನ್ನ ಹೆಸರು ಒಳಗಿನ ಬದಿಯಲ್ಲಾದ್ರೂ ಹಾಕ್ಲಿಕ್ಕೆ ಆಗುದಿಲ್ವಾ? ಯಾರಿಗೂ ಕಾಣದ ಹಾಗೆ?”

“ಎರಡು ಹೆಸರಾದರೆ ಗೊಂದಲ ಆಪಾ” ಎಂದೆ.

ಮತ್ತೆ ಅವರು ಕೇಳಲಿಲ್ಲ.

ಲೇಬಲುಗಳು ಖೋಬಾರ್ ನಗರದಲ್ಲಿ ಅಚ್ಚಾಗಿ ಬಂದವು. ಖಾಕಿ ಕಾಗದದ ಪೊಟ್ಟಣ, ದಾರದ ಗಂಟು, ಮೊಹರು, ಎಲ್ಲ ನಾನೇ ಮಾಡಿದೆ. ಫೋಟೋ ತೆಗೆಯುವಾಗ ಕಿಟಕಿಯ ಬೆಳಕು ಸರಿಬರಲಿ ಎಂದು ಆಪಾ ಅವರ ಮೆಷಿನನ್ನೇ ಮೂಲೆಗೆ ತಳ್ಳಿಸಿದೆ. ಜನ ಮೆಚ್ಚಿದರು, ಸುಳ್ಳು ಹೇಳಬಾರದು, ನಿಜಕ್ಕೂ ಚಂದವಿತ್ತು. ರಿಯಾದಿನಿಂದಲೂ ಕೇಳಿಕೊಂಡು ಬಂದರು.

ಆ ವರ್ಷ ಉಮ್ಮ್ ರಾಕಾನರ ಶಾಲೆಯ ಹಾಲಿನಲ್ಲಿ ಹೆಂಗಸರ ಬಜಾರು ನಡೆಯಿತು. ನಮಗೂ ಒಂದು ಮೇಜು ಸಿಕ್ಕಿತು. ನಾನು ಎದುರಿಗೆ ನಿಂತು ವಿವರಿಸುತ್ತಿದ್ದೆ. ಆಪಾ ಹಿಂದೆ ಕುರ್ಚಿಯಲ್ಲಿ ಕೂತು, ಸಡಿಲವಾದ ಹೊಲಿಗೆಯೊಂದನ್ನು ಸರಿಮಾಡುತ್ತಿದ್ದರು. ಬಂದವರು ನನ್ನನ್ನು ‘ನೂಲ್ ಮೇಡಂ’ ಎಂದು ಕರೆಯತೊಡಗಿದರು. ಮೊದಲ ಸಲ ನಕ್ಕೆ. ಎರಡನೇ ಸಲ ಸುಮ್ಮನಿದ್ದೆ. ಒಳ್ಳೆಯ ಬಟ್ಟೆ ತೊಟ್ಟ ಹಿರಿಯ ಹೆಂಗಸೊಬ್ಬರು ಮೂರು ಕೋಟುಗಳನ್ನು ಆರಿಸಿ, ಗದ್ದದಿಂದ ಆಪಾ ಕಡೆ ತೋರಿಸಿ, “ನಿನ್ನ ಖಯ್ಯಾತಾಳ ಕೈ ಚೆನ್ನಾಗಿದೆ. ಬಿಡಬೇಡ ಅವಳನ್ನು” ಎಂದರು. ಖಯ್ಯಾತಾ ಎಂದರೆ ಬಟ್ಟೆ ಹೊಲಿಯುವವಳು.

ಇವರದ್ದೇ ಇದೆಲ್ಲ, ನಾನು ಬರೀ ಚೀಟಿ ಮಾಡಿಕೊಟ್ಟವಳು, ಎಂದು ಹೇಳಲು ನನಗೆ ಬರುವಷ್ಟು ಅರಬಿ ಸಾಕಿತ್ತು. ನಾನು “ಶುಕ್ರನ್” ಎಂದು ಥ್ಯಾಂಕ್ಸ್ ಹೇಳಿದೆ. ಹಿಂದೆ ತಿರುಗಿ ನೋಡಲಿಲ್ಲ. ಆಪಾಗೆ ನನಗಿಂತ ಚೆನ್ನಾಗಿ ಅರಬಿ ಅರ್ಥವಾಗುತ್ತಿತ್ತು. ಮನೆಗೆ ಬರುವಾಗ ಕಾರಿನಲ್ಲಿ ಅವರು, “ಇವತ್ತು ತುಂಬ ನಿಂತೆ ನೀನು, ಕಾಲು ನೋವಾಯಿತೇನೋ” ಎಂದರು.

ಆ ಬಜಾರಿನ ಸುದ್ದಿ ಕೇಳಿ ಪೇಟೆಯ ದೊಡ್ಡ ಅಂಗಡಿಯೊಂದರಿಂದ ಕರೆ ಬಂತು. ಪಾತ್ರೆ, ಲೋಟ, ಪರದೆ, ಮನೆಗೆ ಬೇಕಾದದ್ದೆಲ್ಲ ಸಿಗುವ ಅಂಗಡಿ. ಒಂದು ಕಪಾಟನ್ನೇ ನಮಗೆ ಬಿಟ್ಟುಕೊಡುತ್ತೇವೆ ಎಂದರು. ಅಲ್ಲಿನ ಮ್ಯಾನೇಜರ್ ನಯವಾಗಿ ಮಾತಾಡುವವ. ಕಪಾಟಿನ ಮೇಲೆ ಬೋರ್ಡು ಮಾಡಿಸಲು ವಿನ್ಯಾಸದ ಫೈಲು ಬೇಕೆಂದ. ಬೋರ್ಡಿಗೆ ಬೇಕಾದದ್ದು ಒಂದು ಚಿತ್ರ ಮಾತ್ರ. ನಾನು ಕಳಿಸಿದ್ದು ಎಲ್ಲವನ್ನೂ: ಲೋಗೋ, ಲೇಬಲ್ಲಿನ ಅಳತೆ, ಬಣ್ಣಗಳ ಲೆಕ್ಕ, ಕೊನೆಗೆ ಆಪಾ ಬಟ್ಟೆ ಕತ್ತರಿಸುವ ನಕ್ಷೆ ಕೂಡ. ಅದನ್ನು ನಾನು ಒಂದು ಪುಟ್ಟ ಪುಸ್ತಿಕೆಗೆಂದು ಚೊಕ್ಕವಾಗಿ ಬರೆದಿಟ್ಟಿದ್ದೆ. ‘ಮೇಡಂ, ಇಷ್ಟು ಒಳ್ಳೆಯ ಕೆಲಸ ಇಲ್ಲಿ ಯಾರೂ ಮಾಡುವುದಿಲ್ಲ’ ಎಂದು ಅವನು ಒಂದು ಮಾತು ಹೇಳಿದ್ದ. ಆಪಾ ಅವರನ್ನು ಒಂದು ಮಾತು ಕೇಳಬೇಕು ಎಂದು ನನಗೆ ಅನ್ನಿಸಲೇ ಇಲ್ಲ.

ನಾಲ್ಕೈದು ತಿಂಗಳು ಕಳೆದ ಮೇಲೆ ಅಂಗಡಿಯವರು ಹೊಸ ಆರ್ಡರು ಕೊಡುವುದನ್ನು ನಿಲ್ಲಿಸಿದರು. ಒಂದು ಸಂಜೆ ಆಪಾ ಬುರ್ಖಾ ಕೂಡ ತೆಗೆಯದೆ ನೇರ ನಮ್ಮ ಮನೆಗೆ ಬಂದು, ಮೇಜಿನ ಮೇಲೆ ಒಂದು ಫ್ಲಾಸ್ಕಿನ ಕೋಟು ಇಟ್ಟರು. ಮರಳಿನ ಬಣ್ಣ, ನಾಲ್ಕು ಜೇಬು, ‘ನೂಲ್’ ಎಂಬ ಲೇಬಲ್ಲು, ಅದೇ ಬಾಗಿದ ಬಾಲ.

“ಅಂಗಡಿಯಲ್ಲಿ ಕಪಾಟು ತುಂಬ ಇದೇ ಉಂಟು” ಎಂದರು. “ಚೀಟಿ ನಮ್ಮದು. ಹೊಲಿಗೆ ನನ್ನದಲ್ಲ.”

ಮುಟ್ಟಿ ನೋಡಿದೆ. ಕಾರ್ಖಾನೆಯ ಉದ್ದುದ್ದ ಹೊಲಿಗೆ, ಒಳಗೆ ಹತ್ತಿಯ ಬದಲು ಸ್ಪಂಜು. ಮಾರನೇ ದಿನ ಇಸ್ಮಾಯಿಲ್ ಭಾಯ್ ಅವರನ್ನು ಕರೆದುಕೊಂಡು ನಾವಿಬ್ಬರೂ ಅಂಗಡಿಗೆ ಹೋದೆವು. ನಾನೇ ಜೋರಾಗಿ ಮಾತಾಡಿದೆ. ಮ್ಯಾನೇಜರ್ ಸಿಟ್ಟಾಗಲಿಲ್ಲ. ಕೋಟನ್ನು ತಿರುಗಿಸಿ ಲೇಬಲ್ಲು ತೋರಿಸಿ, ಹಿಂದಿಯಲ್ಲಿ, “ಮೇಡಂ, ಇಸ್ ಮೇ ಆಪ್ ಕಾ ನಾಮ್ ಕಹಾಂ ಹೈ?” ಎಂದು ಕೇಳಿದ. ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ?

ಆಪಾ ನನ್ನ ಮುಖ ನೋಡಿದರು. ಅಷ್ಟೇ. ಬಯ್ದಿದ್ದರೆ ಎಷ್ಟೋ ಒಳ್ಳೆಯದಿತ್ತು.

ದೂರು ಕೊಡಲು ನಮಗೆ ದಾರಿಯಿರಲಿಲ್ಲ. ಕೆಲಸ ಮಾಡಲು ಅನುಮತಿಯೇ ಇಲ್ಲದ ಇಬ್ಬರು ಹೆಂಗಸರು ಯಾವ ಕಚೇರಿಯ ಮೆಟ್ಟಿಲು ಹತ್ತುವುದು? “ಬಿಡಿ, ಗಲಾಟೆ ಬೇಡ” ಎಂದು ಇಸ್ಮಾಯಿಲ್ ಭಾಯ್ ಕಾರಿನ ಬಾಗಿಲು ತೆರೆದರು. ಅವರ ಕಫೀಲ್, ಅಂದರೆ ಅವರನ್ನು ಅಲ್ಲಿರಿಸಿಕೊಂಡ ಮಾಲೀಕ, ಅವನ ಕಿವಿಗೆ ಬಿದ್ದರೆ ಏನಾಗುತ್ತದೋ ಎಂಬ ಹೆದರಿಕೆ ಅವರಿಗೆ.

ಸುದ್ದಿ ತಿಳಿದು ಉಮ್ಮ್ ರಾಕಾನ್ ಬಂದರು. ಆಪಾ ಅವರ ಮನೆಯಲ್ಲಿ ಮೂವರೂ ಕೂತಿದ್ದೆವು. ಮಾತಿನ ನಡುವೆ ಅವರು ಆಪಾ ಅವರ ಪೂರ್ತಿ ಹೆಸರು ಕೇಳಿದರು. ಅಷ್ಟು ವರ್ಷ ಅವರಿಗೂ ಇವರು ಮಗನ ಹೆಸರಿನಿಂದ ‘ಉಮ್ಮ್ ಸಾದಿಕ್’ ಆಗಿದ್ದರು. ಹೆಸರು ಕೇಳಿ ಅರಬಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು: ಖೈರ್ ಅನ್ನಿಸಾ. ನನ್ನ ಕಡೆ ತಿರುಗಿ ಅರ್ಥವನ್ನೂ ಹೇಳಿದರು: ಹೆಂಗಸರಲ್ಲೇ ಉತ್ತಮಳು. “ಇಷ್ಟು ಒಳ್ಳೆಯ ಹೆಸರನ್ನು ಬಿಟ್ಟು ಮಗ್ಗ ಯಾಕೆ ಇಟ್ಟಿರಿ?” ಎಂದು ಕೇಳಿದರು.

ಎರಡು ಭಾಷೆಯ ಶಬ್ದಕೋಶ ಜಾಲಾಡಿದವಳು ಎದುರಿಗೆ ಕೂತ ಹೆಂಗಸಿನ ಹೆಸರಿನ ಅರ್ಥವನ್ನು ಒಂದು ದಿನವೂ ಕೇಳಿರಲಿಲ್ಲ. ಆಪಾ ನನ್ನ ಪರವಾಗಿ ತಾವೇ ಉತ್ತರ ಕೊಟ್ಟರು: “ದೊಡ್ಡ ಹೆಸರಲ್ವಾ, ಚೀಟಿಯಲ್ಲಿ ಹಿಡಿಯುದಿಲ್ಲ.” ಅದರಲ್ಲಿ ಕೊಂಕಿರಲಿಲ್ಲ. ನಾನು ಹೇಳಿದ್ದನ್ನು ಅವರು ನಂಬಿದ್ದರು.

ಆಮೇಲೆ ಮೆಷಿನಿನ ಮೇಲೆ ಒಂದು ಬಟ್ಟೆ ಮುಚ್ಚಿದರು. ನಾನು ಎರಡು ಮೂರು ಸಲ ಹೊಸದಾಗಿ ಶುರು ಮಾಡೋಣ ಎಂದೆ. “ಈಗ ನಾನು ಹೊಲಿದ್ರೆ ಅಂಗಡಿಯದ್ದರ ನಕಲು ಅಂತ ಹೇಳ್ತಾರೆ ಶಶಿ” ಎಂದರು. ಅಷ್ಟರಲ್ಲಿ ಎಣ್ಣೆಯ ಕೆಲಸವೂ ಇಳಿಮುಖವಾಗಿ, ಮನೆಮಂದಿಯನ್ನು ಜೊತೆಯಲ್ಲಿಟ್ಟುಕೊಳ್ಳುವವರು ಒಬ್ಬೊಬ್ಬರಿಗೆ ಇಷ್ಟೆಂದು ಶುಲ್ಕ ಕಟ್ಟಬೇಕೆಂಬ ನಿಯಮ ಬಂತು. ಕಟ್ಟಡದ ಮನೆಗಳು ಒಂದೊಂದಾಗಿ ಖಾಲಿಯಾದವು. ಆಪಾ ಅವರಿಗೂ ಫೈನಲ್ ಎಕ್ಸಿಟ್ ಆಯಿತು, ಎಂದರೆ ಮತ್ತೆ ಬರದ ಹಾಗೆ ಹೊರಡುವುದು.

ಹೊರಡುವ ಹಿಂದಿನ ವಾರ ನಾನು ಕೂತು ಹೊಸ ಲೇಬಲ್ಲೊಂದನ್ನು ಬರೆದೆ. ಅದೇ ಅಗಲ. ಕನ್ನಡದಲ್ಲಿ, ಅರಬಿಯಲ್ಲಿ, ಇಂಗ್ಲಿಷಿನಲ್ಲಿ, ಮೂರು ಸಾಲು. ಯಾವ ಕಷ್ಟವೂ ಆಗಲಿಲ್ಲ. ಒಂದು ಮಧ್ಯಾಹ್ನದ ಕೆಲಸ. ಅಚ್ಚು ಹಾಕಿಸಿ ತಂದು ಕೊಟ್ಟೆ. ಆಪಾ ಕನ್ನಡಕ ಹಾಕಿಕೊಂಡು ಬೆರಳಿನಿಂದ ಅಕ್ಷರಗಳನ್ನು ಮುಟ್ಟುತ್ತ ಓದಿದರು.

“ಹಿಡೀತದಲ್ಲ ಮಾರಾಯ್ತಿ” ಎಂದರು.

ಕೆಲವು ವರ್ಷದ ಮೇಲೆ ನಾವೂ ಊರಿಗೆ ಮರಳಿ ಉಡುಪಿಯಲ್ಲಿ ಮನೆ ಮಾಡಿದೆವು. ಒಮ್ಮೆ ಆಪಾ ಫೋನ್ ಮಾಡಿ ತಮ್ಮನ ಮಗಳ ಮದುವೆಗೆ ಕರೆದರು. ಗಂಗೊಳ್ಳಿಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಬಜಾರಿನ ಆ ದಿನ ನಾನು ಹೇಳಬೇಕಾಗಿದ್ದದ್ದನ್ನು ಹೇಳಲಿಲ್ಲ ಆಪಾ, ನಿಮ್ಮನ್ನು ಕೇಳದೆ ಎಲ್ಲವನ್ನೂ ಕೊಟ್ಟುಬಿಟ್ಟೆ, ತಪ್ಪಾಯಿತು. ಇಷ್ಟನ್ನು ಯಾವ ಕ್ರಮದಲ್ಲಿ ಹೇಳಬೇಕು ಎಂದು ತಿರುಗಾ ಮುರುಗಾ ಮಾಡಿ ನೋಡಿದೆ.

ಹೆಂಗಸರ ಕೋಣೆ ಕಿಕ್ಕಿರಿದಿತ್ತು. ಆಪಾ ಸೊರಗಿದ್ದರು, ಮಂಡಿನೋವು ಎಂದರು. ಹೊಲಿಯುತ್ತೀರಾ ಎಂದು ಕೇಳಿದ್ದಕ್ಕೆ, “ಇಲ್ಲಪ್ಪ, ಮೆಷಿನು ಸೊಸೆಗೆ ಕೊಟ್ಟೆ” ಎಂದು ನಕ್ಕರು. ನಾನು ಬಾಯಿ ತೆರೆಯುವುದರೊಳಗೆ ನನ್ನ ಕೈ ಹಿಡಿದು ಕೋಣೆಯ ತುಂಬ ಕರೆದುಕೊಂಡು ಹೋದರು. ತಂಗಿಯರು, ನಾದಿನಿಯರು, ನೆರೆಮನೆಯವರು, ಒಬ್ಬೊಬ್ಬರ ಮುಂದೆಯೂ ನಿಲ್ಲಿಸಿ, ನನಗೂ ಅರ್ಥವಾಗಲೆಂದು ಕನ್ನಡದಲ್ಲೇ ಹೇಳಿದರು:

“ಇವಳು ಶಶಿಕಲಾ, ಕಾರ್ಕಳದವಳು. ಖಫ್ಜಿಯಲ್ಲಿ ನನ್ನ ಕೆಲಸಕ್ಕೆ ಚೀಟಿ ಬರೆದು ಕೊಟ್ಟದ್ದು ಇವಳೇ. ನನ್ನದು ಬರೀ ಹೊಲಿಗೆ. ಚಂದ ಮಾಡಿದ್ದೆಲ್ಲ ಇವಳು.”

ಅವರೆಲ್ಲ ನನ್ನ ಕೈ ಹಿಡಿದು ಮಾತಾಡಿಸಿದರು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತಿಗೆ ಅಲ್ಲಿ ಜಾಗವೇ ಸಿಗಲಿಲ್ಲ. ಅದನ್ನು ಇವತ್ತಿನವರೆಗೂ ಹೇಳಿಲ್ಲ. ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರಿಗೆ ಕಿವಿ ಮಂದ. “ಯಾರಿದು?” ಎಂದು ಮತ್ತೊಮ್ಮೆ ಕೇಳಿದರು. ಆಪಾ ನೋಯುವ ಮಂಡಿಯ ಮೇಲೆ ಕೈಯೂರಿ ಬಗ್ಗಿ, ಅಜ್ಜಿಯ ಕಿವಿಯ ಹತ್ತಿರ, ಒಂದು ಅಕ್ಷರವೂ ಬಿಟ್ಟುಹೋಗದ ಹಾಗೆ ನನ್ನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದರು.